ಗಾಡಿಗೆ ಎಷ್ಟು ಪಾಟಾ

1992, ಆಗಸ್ಟ್ 4, ಮಂಗಳವಾರ

ಯಾರು ನೀನು? ಮುದುಕಿ ಮನೆಯಲ್ಲಿಲ್ಲದ ಹೊತ್ತು ನೋಡಿ ಸೀರೆಯ ಗಂಟಿನ ಕೆಳಗಿಂದ ಈ ಪುಸ್ತಕ ಎಳೆದಿದ್ದೀಯಲ್ಲ, ಕೈಯಾದರೂ ತೊಳೆದಿದ್ದೀಯಾ? ಬೇರೆ ಕೆಲಸವಿಲ್ಲದಿದ್ದರೆ ಹಿತ್ತಲಲ್ಲಿ ಎಮ್ಮೆಯ ಸಗಣಿ ಬಿದ್ದಿದೆ, ಹೋಗಿ ಬಳಿ. ನನ್ನ ಅಕ್ಷರ ಸೊಟ್ಟ ಎಂದು ನಗಬೇಡ. ತವರೂರು ಇಜೇರಿಯ ಗಾಂವಠಿ ಸಾಲೆಯಲ್ಲಿ ನಾನು ಕಲಿತದ್ದು ಎರಡೇ ವರ್ಷ, ಆಮೇಲೆ ಮದುವೆ ಮಾಡಿ ಮಟಕಿಗೆ ಅಟ್ಟಿದರು. ಅಷ್ಟರಲ್ಲೇ ಇಷ್ಟು ಬರೆಯುತ್ತೇನೆ. ನೀನು ಕಾಲೇಜು ಮುಗಿಸಿ ಕಲಿತದ್ದು ಕದ್ದು ಓದುವುದನ್ನು.

ಈ ಡೈರಿ ಕೊಟ್ಟವನು ಮೊಮ್ಮಗ ಅಣ್ಣಾರಾಯ. ಬೀಜದ ಅಂಗಡಿಯವರು ಅವನಿಗೆ ಪುಕ್ಕಟೆ ಕೊಟ್ಟದ್ದು. "ನಿನ್ನ ಬಾಯಿ ನಮಗ ಸಾಕಾಗ್ಯದ ಆಯಿ, ಇದರಾಗ ಬೈಕೋತ ಕುಂದ್ರು" ಎಂದ. ಹಾಗಾದರೆ ಮೊದಲ ಬೈಗುಳ ಅವನಿಗೇ ಸಲ್ಲಲಿ.

ಅವನದೊಂದು ಕಾರಿದೆ. ಮೇಲಿನ ಮೈ ಹರಾಜಿನಲ್ಲಿ ಹಿಡಿದ ಹಳೆಯ ಸರ್ಕಾರಿ ಅಂಬಾಸಿಡರ್‌ನದು. ಹೊಟ್ಟೆಯೊಳಗೆ ಮಾತ್ರ ಎಲ್ಲಿಂದಲೋ ತರಿಸಿದ ಜಪಾನಿ ಎಂಜಿನ್. ಸುರು ಮಾಡಿದರೆ ಅಟ್ಟದ ಮೇಲಿನ ತಾಮ್ರದ ಹಂಡೆ ನಡುಗುತ್ತದೆ. ಊರ ಹುಡುಗರು ಅದಕ್ಕೆ ಹುಲಿ ಎನ್ನುತ್ತಾರೆ. ತೊಗರಿ ವ್ಯಾಪಾರಕ್ಕೆ ಸೊಲ್ಲಾಪುರಕ್ಕೆ ಎಲ್ಲರಿಗಿಂತ ಮೊದಲು ಮುಟ್ಟಬೇಕಂತೆ, ಓಟದಲ್ಲಿ ಅದು ಅಲುಗಬಾರದಂತೆ, ಅದಕ್ಕೆ ಅಡಿಯಲ್ಲಿ ಹೆಚ್ಚಿನ ಪಾಟಾ ಹಾಕಿಸಿದ್ದಾನೆ. ಹಿಂದಿನ ಗಾಲಿಗಳ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಅವು ಪಾಟಾ. ಪಾಟಾ ಹೆಚ್ಚಾದಷ್ಟೂ ಗಾಡಿ ಬಿರುಸು.

ಈಗ ಆ ಹುಲಿಯ ಬೆನ್ನಿಗೆ ಮನೆಯ ಸೊಸೆಯನ್ನು ಮಲಗಿಸಿದ್ದೇವೆ. ನನ್ನ ಮಗ ದೌಲತರಾಯನ ಹೆಂಡತಿಗೆ ಹೋದ ವರ್ಷ ಎದೆಯಲ್ಲಿ ಗಂಟಾಗಿ ತೆಗೆಸಿದ್ದೆವು. ಈಗ ಆ ರೋಗ ಬೆನ್ನೆಲುಬಿಗೆ ಇಳಿದಿದೆ ಎನ್ನುತ್ತಾರೆ. ಹದಿನೈದು ದಿನಕ್ಕೊಮ್ಮೆ ಸೊಲ್ಲಾಪುರದ ದವಾಖಾನೆಗೆ ಒಯ್ದು ಸಲಾಯಿನ್‌ನಲ್ಲಿ ಔಷಧ ಬಿಡಿಸಬೇಕು. ನಿನ್ನೆ ಹೋಗಿ ಬಂದರು. ಅಣ್ಣಾರಾಯ ಇಳಿಯುತ್ತಲೇ, "ಎಷ್ಟ್ ಲಗೂನ ಬಂದ್ವಿ ನೋಡು ಆಯಿ" ಎಂದ. ಹಿಂದಿನ ಸೀಟಿನಿಂದ ಅವನವ್ವನನ್ನು ಇಳಿಸಿದರೆ ಕೆಳದುಟಿ ಕಚ್ಚಿಕೊಂಡು ರಕ್ತ ಬಂದಿತ್ತು.

ನಾನೂ ಒಂದು ಮಾತು ಅಂದೆ. "ನಾ ಕಲ್ಲ ದಾರ್ಯಾಗ ಚಕ್ಕಡಿ ಮ್ಯಾಲ ಕುಂತು ಹಡಿಲಾಕ ತವರಿಗಿ ಹೋದಾಕಿ, ಹಿಂಗ ಮಾರಿ ಮಾಡಿದ್ದಿಲ್ಲ." ಆಕೆ ಏನೂ ಅನ್ನಲಿಲ್ಲ. ಮೂವತ್ತು ವರ್ಷದಿಂದ ಅನ್ನುವವಳೇ ಅಲ್ಲ.

ಆಗಸ್ಟ್ 11, ಮಂಗಳವಾರ

ಆಳಂದಕ್ಕೆ ಹೋಗಿದ್ದೆ, ಗೌಸಮೊಹಿದ್ದೀನನ ಗ್ಯಾರೇಜಿಗೆ. ಅಣ್ಣಾರಾಯ ಬೇಡ ಬೇಡ ಅಂದರೂ ಮುಂದಿನ ಸೀಟಿನಲ್ಲಿ ಹೋಗಿ ಕುಳಿತೆ. ಟೈರು ಕೊಳ್ಳುವುದೆಂದರೆ ಎತ್ತಿನ ಕಾಲಿಗೆ ಲಾಳ ಹೊಡೆಸಿದ ಹಾಗೆ, ಹಿರಿಯರು ಒಬ್ಬರು ಇರಬೇಕು.

ಗೌಸ್ ಬಾಯಿಬಡುಕ. ಗಳಿಗೆಗೊಂದು ಮಾತು. ಒಮ್ಮೆ, "ರೇಡಿಯಲ್ ಹಾಕ್ರಿ ಆಯಿ, ಮಖಮಲ್ ಮ್ಯಾಲ ಹೋದಂಗ ಆಗ್ತದ" ಎನ್ನುತ್ತಾನೆ. ಚಹಾ ಕುಡಿದಾದ ಮೇಲೆ, "ನೈಲಾನ್ ಇರ್ಲಿ, ನಮ್ಮ ದಾರಿಗಿ ಅದೇ ಖರೇ" ಎನ್ನುತ್ತಾನೆ. ನಾನು ಎರಡೂ ಬಗೆಯ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ನೈಲಾನಿನ ಪಕ್ಕೆ ಬರಗಾಲದ ಎಮ್ಮೆಯ ಪಕ್ಕೆಯಂತೆ ಬಿರುಸು. ರೇಡಿಯಲ್‌ನದು ಸ್ವಲ್ಪ ಒತ್ತಿದರೆ ಒಳಗೆ ಹೋಗಿ ಮತ್ತೆ ಬರುತ್ತದೆ. ಅದೇ ಇರಲಿ ಎಂದೆ. ಅಗಲ ಬೇಕೆಂದು ಅಣ್ಣಾರಾಯನ ಹಟ. "ಅಗಲ ಇದ್ರ ನೆಲಾ ಹಿಡೀತದ ಆಯಿ, ಮಳ್ಯಾಗ ಜಾರಂಗಿಲ್ಲ." ಅದಕ್ಕೂ ಹೂಂ ಎಂದೆ.

ಜಗಳವಾದದ್ದು ಪಾಟಾಕ್ಕೆ. ಒಂದೆರಡು ಬಿಚ್ಚಿಸು ಎಂದೆ.

"ಬಿಚ್ಚಿದ್ರ ಈ ಎಂಜಿನ್‌ಗ ಗಾಡಿ ತೇಲ್ತದ. ತಿರುವಿನ್ಯಾಗ ಹಿಂದಿಂದು ಒದೀತದ. ಅವ್ವನ್ನ ಮುಳ್ಳಕಂಟ್ಯಾಗ ಒಗೀಲೇನು?"

"ಹಂಗಾರ ಮೆತ್ತಗ ಹೊಡಿ."

"ಮೆತ್ತಗ ಹೊಡದ್ರ ಅರ್ಧಾ ದಿನಾ ಅಕಿ ಸೀಟಿನ ಮ್ಯಾಲ ನರಳಬೇಕು. ಲಗೂ ಹೋದ್ರ ಲಗೂ ಮುಗೀತದ. ನಿನಗ ತಿಳಿಯಂಗಿಲ್ಲ, ಸುಮ್ಕಿರು."

ಅವನ ಮಾತಿನಲ್ಲಿ ಸುಳ್ಳಿಲ್ಲ, ಅದೇ ಸಿಟ್ಟು. ಜೋರಾಗಿ ಹೋದರೆ ನೋವು ದೊಡ್ಡದು, ಮೆತ್ತಗೆ ಹೋದರೆ ನೋವು ಉದ್ದ. ಯಾವುದು ಕಡಿಮೆ ಎಂದು ಯಾವ ತಕ್ಕಡಿಯಲ್ಲಿ ತೂಗಬೇಕು? ಆದರೆ ನಾನು ಚಕ್ಕಡಿಯ ಮನೆಯವಳು. ಬರಿದಾದ ಬಂಡಿ ಕುಣಿಯುತ್ತದೆ, ಹೇರಿದ ಬಂಡಿ ಕುಣಿಯುವುದಿಲ್ಲ. ಬಸುರಿಯರನ್ನು ಕರೆತರುವಾಗ ನಮ್ಮ ಮಾವ ಬಂಡಿಯ ಹಿಂದೆ ಜೋಳದ ಚೀಲ ಹೇರಿಸುತ್ತಿದ್ದರು. "ಡಿಕ್ಕಿಯೊಳಗ ಚೀಲಾ ಇಡು, ಅಮುಕಿ ಕುಂದ್ರತದ" ಎಂದೆ. ಅಣ್ಣಾರಾಯ, ಗೌಸ್ ಇಬ್ಬರೂ ನಕ್ಕರು.

"ಹುಲಿ ಮ್ಯಾಲ ಹೇರು ಹೇರ್ತೀ ಏನು ಆಯಿ?"

ನಗಲಿ.

ಆಗಸ್ಟ್ 18, ಮಂಗಳವಾರ

ಹೊಸ ಟೈರು ಹಾಕಿಸಿ ನಿನ್ನೆ ಹೋಗಿ ಬಂದರು. ಸಣ್ಣ ಸಣ್ಣ ಹರಳಿನ ಸದ್ದು ಕಡಿಮೆಯಾಗಿದೆಯಂತೆ. ತಗ್ಗು ಬಂದರೆ ಅದೇ ಬಡಿತ. ದೌಲತರಾಯ ಮುಂದೆ ಕೂತು ಹಿಂತಿರುಗಿಯೂ ನೋಡಲಿಲ್ಲವಂತೆ. ನೋಡಲು ಆಗಲಿಲ್ಲ ಎಂದ.

ಸೊಸೆ ರಾತ್ರಿ ಊಟ ಮಾಡಲಿಲ್ಲ. ಅಂಬಲಿ ಮಾಡಿಕೊಟ್ಟೆ. ಎರಡು ಗುಟುಕು.

ಸೆಪ್ಟೆಂಬರ್ 1, ಮಂಗಳವಾರ

ನಾನು ಗೆದ್ದೆ. ಇದನ್ನು ಯಾರು ಓದುತ್ತಿದ್ದೀರೋ, ಎರಡು ಸಲ ಓದಿ.

ನಿನ್ನೆ ಬೆಳಗ್ಗೆ ಅಣ್ಣಾರಾಯ ಜಳಕಕ್ಕೆ ಹೋದಾಗ ಆಳುಮಗನಿಂದ ಡಿಕ್ಕಿಯಲ್ಲಿ ಎರಡು ಚೀಲ ತೊಗರಿ ಹಾಕಿಸಿ ಮೇಲೆ ಕೌದಿ ಹೊದಿಸಿದೆ. ನಾನೂ ಹಿಂದೆ ಕೂತೆ, ಸೊಸೆ ಸುಭದ್ರಾಳ ತಲೆ ನನ್ನ ತೊಡೆಯ ಮೇಲೆ. ಗಾಡಿಯ ಹಿಂಭಾಗ ಒಂದಿಷ್ಟು ಕೆಳಗೆ ಅಮುಕಿತ್ತು. ಅಣ್ಣಾರಾಯನಿಗೆ ಗೊತ್ತಾಗಲಿಲ್ಲ. ಆಳಂದ ದಾಟುವ ತನಕ ಆಕೆ ನನ್ನ ಸೆರಗು ಹಿಡಿದುಕೊಂಡಿದ್ದಳು. ವಾಗ್ದರಿಯ ಹತ್ತಿರ ಬೆರಳು ಸಡಿಲಾದವು. ಏನಾಯಿತೋ ಎಂದು ಬಗ್ಗಿ ನೋಡಿದರೆ ನಿದ್ದೆ ಹೋಗಿದ್ದಳು. ಅಕ್ಕಲಕೋಟೆಯ ತನಕ ಮಲಗಿದಳು. ನಾನು ತೊಡೆ ಅಲುಗಿಸಲಿಲ್ಲ, ಕಾಲು ಜೋಮು ಹಿಡಿದು ಇಳಿಯುವಾಗ ದೌಲತರಾಯ ನನ್ನನ್ನೇ ಹಿಡಿಯಬೇಕಾಯಿತು.

ಸೊಲ್ಲಾಪುರದಲ್ಲಿ ಅಣ್ಣಾರಾಯ ಡಿಕ್ಕಿ ತೆಗೆದು ನೋಡಿ ಕೆಂಡವಾದ. ಟೈರು ಕಾಯುತ್ತವೆ, ಬ್ರೇಕು ಹಿಡಿಯುವುದಿಲ್ಲ, ಹೇಳದೆ ಯಾಕೆ ಹಾಕಿದೆ ಎಂದು ದವಾಖಾನೆಯ ಬಾಗಿಲಲ್ಲೇ ಕೂಗಾಡಿದ. ಅಲ್ಲೇ ಅಡತಿ ಅಂಗಡಿಯಲ್ಲಿ ಚೀಲ ಇಳಿಸಿಬಿಟ್ಟ. ಬರುವಾಗ ಮತ್ತೆ ಅದೇ ಕುಣಿತ.

ಆಳಂದದಲ್ಲಿ ಗಾಳಿ ತುಂಬಿಸಲು ನಿಲ್ಲಿಸಿದಾಗ ಗೌಸ್‌ನ ಎದುರು, ಅವನ ಗಿರಾಕಿಗಳ ಎದುರು ನಾನೂ ಬಿಡಲಿಲ್ಲ. "ನಿಮ್ಮ ಹುಲಿ ಎಲ್ಡು ಚೀಲ ತೊಗರಿಗಿ ಬೆಕ್ಕಾತಪಾ. ಇಷ್ಟ್ ವರ್ಷ ಗ್ಯಾರೇಜ್ ಇಟ್ಟು ಏನ್ ಕಲ್ತಿರಿ?" ಎಲ್ಲರೂ ನಕ್ಕರು. ಅಣ್ಣಾರಾಯನ ಕಿವಿ ಕೆಂಪಾದವು.

ಸೆಪ್ಟೆಂಬರ್ 6, ಭಾನುವಾರ

ಸುಭದ್ರಾಗೆ ನಾನೇ ಜಳಕ ಮಾಡಿಸಿದೆ. ಕೂದಲು ಕೈಗೇ ಬರುತ್ತವೆ. ಆಕೆಗೆ ಕಾಣದಂತೆ ಬಚ್ಚಲ ಮೂಲೆಗೆ ತಳ್ಳಿ ಮೇಲೆ ಚೊಂಬು ಇಟ್ಟೆ. ಬೆನ್ನಿಗೆ ನೀರು ಹಾಕಿದರೆ ಬಿಸಿಯೋ ತಣ್ಣಗೋ ಹೇಳುವುದಿಲ್ಲ.

"ಅತ್ತೀ, ನಾ ಒಂದ್ ಮಾತ್ ಕೇಳ್ಲ್ಯಾರಿ?"

"ಗಾಳೀದು ಹೌದಿಲ್ಲೊ? ನಾ ಮೊದಲೇ ಗೌಸ್‌ಗ ಹೇಳೇನಿ ಬೇ. ಇಪ್ಪತ್ತೆಂಟ್ ಪೌಂಡ್ ತುಂಬತಿದ್ದ, ಇಪ್ಪತ್ನಾಕಕ್ಕ ಇಳಸಂದೇನಿ. ಗಾಳಿ ಕಮ್ಮಿ ಆದ್ರ ಟೈರು ತಗ್ಗಿನ್ಯಾಗ ತಾನೇ ಮೆತ್ತಗ ಆಗ್ತದ."

"ಹೌದ್ರಿ" ಎಂದಳು.

ಗಾಳಿ ಬಹಳ ಕಡಿಮೆಯಾದರೆ ಜೋರಿನಲ್ಲಿ ಟೈರು ಸುಡುತ್ತದಂತೆ, ಅದನ್ನೂ ಕೇಳಿಕೊಂಡಿದ್ದೇನೆ. ಮುಂದಿನದಕ್ಕೆ ಬೇರೆ, ಹಿಂದಿನದಕ್ಕೆ ಬೇರೆ ಅಳತೆ. ಬಿಸಿಲೇರಿದ ಮೇಲೆ ಅಳೆಯಬಾರದು, ಬೆಳಗಿನ ತಂಪಿನಲ್ಲೇ ಅಳೆಯಬೇಕು. ಶಾಕ್‌ಅಪ್ ಎಂಬುದೊಂದಿದೆ, ನಳಿಗೆಯಂತೆ ಇರುತ್ತದೆ, ಒಳಗೆ ಎಣ್ಣೆ. ಪಾಟಾ ಕುಣಿದರೆ ಅದು ಹಿಡಿದು ನಿಲ್ಲಿಸುತ್ತದೆ. ನಮ್ಮದರಲ್ಲಿ ಎಡಗಡೆಯದು ಸೋರುತ್ತಿದೆ. ಬದಲಿಸಬೇಕು.

ಸೆಪ್ಟೆಂಬರ್ 15, ಮಂಗಳವಾರ

ಚೀಲವಿಲ್ಲದೆ ಹೋದರು. ಅಣ್ಣಾರಾಯ ಡಿಕ್ಕಿಗೆ ಬೀಗ ಹಾಕಿಕೊಂಡು ಕೀಲಿ ಕಿಸೆಯಲ್ಲಿಟ್ಟಿದ್ದ. ಗಾಳಿ ಇಳಿಸಿದ್ದು, ಶಾಕ್‌ಅಪ್ ಬದಲಿಸಿದ್ದು ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ದಾರಿಯಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಸುಭದ್ರಾ ಅತ್ತಳಂತೆ. ಮದುವೆಯಾಗಿ ಬಂದ ದಿನದಿಂದ ಆಕೆ ಅತ್ತದ್ದು ನಾನು ಕಂಡಿಲ್ಲ, ಅವಳ ತಂದೆ ಸತ್ತಾಗಲೂ ಒಳಗೆ ಹೋಗಿ ಅತ್ತಿದ್ದಳು.

ಡಾಕ್ಟರು ದೌಲತರಾಯನಿಗೆ ಎಕ್ಸರೇ ಫೋಟೋ ತೋರಿಸಿದನಂತೆ. ಬೆನ್ನೆಲುಬು ಒಣಗಿದ ಜೋಳದ ದಂಟಿನ ಹಾಗಾಗಿದೆ, ಒಳಗೆ ಏನೂ ಉಳಿದಿಲ್ಲ, ಬಡಿತ ತಾಗದಂತೆ ಕರೆತನ್ನಿ ಎಂದನಂತೆ. ರಕ್ತವೂ ಕಡಿಮೆಯಿದೆ, ಮುಂದಿನ ಸಲದ್ದು ಬಿಟ್ಟು ಅಕ್ಟೋಬರ್ ಹನ್ನೆರಡಕ್ಕೆ ಬನ್ನಿ ಎಂದು ಕಳಿಸಿದ್ದಾನೆ.

ಬಡಿತ ತಾಗದಂತೆ. ದಾರಿಯ ತಗ್ಗು ಆ ಡಾಕ್ಟರನ ಅಪ್ಪ ಮುಚ್ಚಿಸುತ್ತಾನೇನು?

ಸೆಪ್ಟೆಂಬರ್ 24, ಗುರುವಾರ

ದೌಲತರಾಯ ನನ್ನ ಮೇಲೆ ಬಾಯಿ ಮಾಡಿದ. ಅವನು ಮಾಡುವವನಲ್ಲ. ನಾನು ಊಟಕ್ಕೆ ಬಡಿಸುತ್ತ, ಸೀಟಿನ ಕೆಳಗೆ ಹತ್ತಿಯ ಗಾದಿ ಹಾಸಿದರೆ ಹೇಗೆ, ರಬ್ಬರಿನ ಹಾಳೆ ಹಾಕಿದರೆ ಹೇಗೆ ಎಂದು ಹೇಳುತ್ತಿದ್ದೆ. ತಟ್ಟೆ ಸರಿಸಿದ.

"ಅವ್ವಾ, ಮುಂಜಾನಿಂದ ಸಂಜಿತನಾ ಗಾಡಿ ಗಾಡಿ ಅಂತಿ. ಅದರಾಗ ಮಲಗೂ ಹೆಣಮಗಳನ್ನ ಒಮ್ಮೆರ ನೋಡೀಯೇನು?"

"ನಾ ನೋಡದ ಮತ್ಯಾರ್ ನೋಡ್ತಾರೋ? ಜಳಕಾ ಯಾರ್ ಮಾಡಸ್ತಾರ, ನಿನ್ನಪ್ಪನೇನು?"

ಎದ್ದು ಹೋದ. ಉಣ್ಣಲಿಲ್ಲ. ಅವನಿಗೇನು ಗೊತ್ತು, ಗಾಡಿಯ ಮಾತಾಡುತ್ತಿರುವ ತನಕ ನಾನು ಬೇರೆ ಮಾತಾಡಬೇಕಾಗಿಲ್ಲ.

ಸಂಜೆ ಪಡಸಾಲೆಯಲ್ಲಿ ಸುಭದ್ರಾಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. "ಅತ್ತೀ, ಇನ್ನೊಮ್ಮಿ ಸೊಲ್ಲಾಪುರಕ್ಕ..." ಎಂದು ಸುರು ಮಾಡಿದಳು. "ನೀ ಏನೂ ಚಿಂತಿ ಮಾಡಬ್ಯಾಡ, ಈ ಸಲ ನಾ ನೋಡಕೋತೇನಿ" ಎಂದೆ.

ಅಕ್ಟೋಬರ್ 5, ಸೋಮವಾರ

ದಸರೆಯ ಖಂಡೆ ಪೂಜೆ. ಕುಡುಗೋಲು, ಕೊಡಲಿ, ಕುಂಟೆ ಎಲ್ಲ ತೊಳೆದು ವಿಭೂತಿ ಹಚ್ಚಿದೆವು. ಅಣ್ಣಾರಾಯ ಕಾರಿಗೆ ಚೆಂಡು ಹೂವಿನ ಮಾಲೆ ಹಾಕಿದ. ಗಾಲಿಗೆ ನೀರು ಹಾಕುತ್ತ ನನ್ನನ್ನು ನೋಡಿ ನಕ್ಕ. ತಿಂಗಳ ಮೇಲೆ ಅವನು ನಕ್ಕದ್ದು.

"ಯಾಕಲೇ ಹಲ್ಲ್ ಕಿಸೀತಿ?"

"ಏನಿಲ್ಲ ಆಯಿ. ಈ ಸಲ ಅವ್ವ ಹ್ಯಾಂಗ ಹೋಗ್ತಾಳ ನೋಡಂತಿ."

ಅವನು ನೋಡಲಿ, ನಾನೂ ನೋಡುತ್ತೇನೆ. ಡಿಕ್ಕಿಯ ಕೀಲಿ ಅವನು ಜಳಕಕ್ಕೆ ಹೋಗುವಾಗ ಅಂಗಿಯ ಕಿಸೆಯಲ್ಲೇ ಬಿಡುತ್ತಾನೆ. ಈ ಸಲ ಸೊಲ್ಲಾಪುರದಲ್ಲಿ ನಾನೇ ಡಿಕ್ಕಿಯ ಮುಂದೆ ನಿಲ್ಲುತ್ತೇನೆ, ಬರುವಾಗಲೂ ಚೀಲ ಇಳಿಸಗೊಡುವುದಿಲ್ಲ. ಹೇಳಿದರೆ ಕುಣಿಯುತ್ತಾನೆ, ಅದಕ್ಕೆ ಹೇಳುವುದಿಲ್ಲ.

ಸುಭದ್ರಾ ಹೊಸ್ತಿಲಲ್ಲಿ ಕೂತು ಕಾರಿಗೆ ಅಕ್ಷತೆ ಹಾಕಿದಳು. ತಲೆಯ ಮೇಲೆ ಸೆರಗು ನಿಲ್ಲುತ್ತಿಲ್ಲ, ಜಾರುತ್ತದೆ. ನಾನು ಪಿನ್ನು ಹಾಕಿಕೊಟ್ಟೆ.

ಅಕ್ಟೋಬರ್ 13, ಮಂಗಳವಾರ

ಇವತ್ತು ಬರೆಯಲಾರೆ.

ಅಕ್ಟೋಬರ್ 15, ಗುರುವಾರ

ವಾಗ್ದರಿ ದಾಟಿದ ಮೇಲೆ ಒಂದು ಸಣ್ಣ ಸೇತುವೆ ಇದೆ. ಅಲ್ಲಿಯ ತನಕ ಗಾಡಿ ತೊಟ್ಟಿಲಿನಂತೆ ಹೋಗುತ್ತಿತ್ತು. ಅಣ್ಣಾರಾಯ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದ, ನಾನೂ ಒಳಗೊಳಗೆ ನಕ್ಕೆ. ಇಬ್ಬರೂ ನಮ್ಮ ನಮ್ಮ ಜಾಣತನ ಎಂದುಕೊಂಡೆವು. ಸೇತುವೆಯ ಅಂಚು ಮಳೆಗೆ ಕೊಚ್ಚಿಹೋಗಿತ್ತು. ಗಾಲಿ ಇಳಿಯಿತು. ಗಾಡಿ ಏಳಲಿಲ್ಲ, ಪೂರಾ ಕೂತುಬಿಟ್ಟಿತು, ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಆ ಸದ್ದು ನನ್ನ ಹಲ್ಲಿನಲ್ಲಿ ಕೇಳಿಸಿತು. ಸುಭದ್ರಾ ಕೂಗಲಿಲ್ಲ. ಹ್ಞಾ ಎಂದು ಉಸಿರು ಒಳಗೆ ಎಳೆದುಕೊಂಡಳು, ಅಷ್ಟೇ. ಸೊಲ್ಲಾಪುರ ಬರುವ ತನಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಅತ್ತೀ, ನನ್ನ ಕಾಲು ಎಲ್ಲಿ ಅವರಿ?" ಎಂದಳು. ಇಲ್ಲೇ ಇವೆ ಎಂದು ಪಾದ ಹಿಡಿದು ತೋರಿಸಿದೆ. ಹಿಡಿದದ್ದು ಆಕೆಗೆ ಗೊತ್ತಾಗಲಿಲ್ಲ.

ಬೆನ್ನು ಮುರಿದಿದೆ. ಮನೆಗೆ ಒಯ್ಯಿರಿ, ಇಲ್ಲಿ ಇನ್ನು ಮಾಡುವುದೇನಿಲ್ಲ, ದೀಪಾವಳಿ ದಾಟಿದರೆ ಹೆಚ್ಚು ಎಂದರು.

ಆಮೇಲೆ ಗೌಸ್ ಹೇಳಿದ. ಅಣ್ಣಾರಾಯ ದಸರೆಗೆ ಮೊದಲೇ ಗ್ಯಾರೇಜಿಗೆ ಹೋಗಿ ಎರಡೂ ಕಡೆಯ ಪಾಟಾ ಬಿಚ್ಚಿಸಿದ್ದನಂತೆ, ಒಂದೊಂದು ಕಡೆ ಎರಡೆರಡು. "ಆಯಿಗಿ ಹೇಳಬ್ಯಾಡ, ಮಂದ್ಯಾಗ ನಗ್ತಾಳ" ಅಂದಿದ್ದನಂತೆ. ಇನ್ನು ಮೆತ್ತಗೆ ಹೊಡೆಯುತ್ತೇನೆ, ತೇಲಿದರೂ ಚಿಂತೆಯಿಲ್ಲ ಎಂದು ನಿರ್ಧರಿಸಿದ್ದನಂತೆ. ಪಾಟಾ ಬಿಚ್ಚಿ ಬರಿದೇ ಹೋಗಿದ್ದರೆ ಸರಿಯಿತ್ತು. ಪಾಟಾ ಇದ್ದು ಚೀಲ ಹಾಕಿದ್ದರೂ ಸರಿಯಿತ್ತು. ಬಿಚ್ಚಿದ ಗಾಡಿಗೆ ನಾನು ಚೀಲ ಹೇರಿದೆ.

ತೊಗರಿ ಚೀಲ ಆ ಸೇತುವೆಯ ಪಕ್ಕದಲ್ಲಿ ಇಳಿಸಿ ಬಂದೆವು. ಯಾರಾದರೂ ಒಯ್ದಿರಬೇಕು.

ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ. ದೌಲತರಾಯ ಅನ್ನಲಿಲ್ಲ. ಅಣ್ಣಾರಾಯ ಅನ್ನಲಿಲ್ಲ, ಅಂಗಳದಲ್ಲಿ ಆ ಗಾಡಿಯೊಳಗೆ ಹೋಗಿ ಕೂಡುತ್ತಾನೆ, ಬಾಗಿಲು ಹಾಕಿಕೊಂಡು. ಊಟಕ್ಕೆ ಕರೆಯಲು ಹೋದೆ. ಗಾಜಿನ ಹೊರಗೆ ನಿಂತೆ. ಏನೆಂದು ಕರೆಯಬೇಕೋ ತಿಳಿಯದೆ ಬಂದೆ. ನಿನ್ನೆ ಆಳುಮಗ ಹಾಲಿನ ತಂಬಿಗೆ ಚೆಲ್ಲಿದ. ಒರೆಸಿಬಿಡು ಎಂದೆ. ಅವನು ಯಾಕೋ ನನ್ನನ್ನೇ ನೋಡುತ್ತ ನಿಂತ.

ಅಕ್ಟೋಬರ್ 20, ಮಂಗಳವಾರ

ಅಣ್ಣಾರಾಯ ಇವತ್ತು ಗಾಡಿಯಿಂದ ಇಳಿದು ಬಂದ. ಗಡ್ಡ ಬಂದಿದೆ. ಮಿರಜಿನಲ್ಲಿ ದೊಡ್ಡ ದವಾಖಾನೆ ಇದೆ, ಬೆನ್ನಿಗೆ ಕಬ್ಬಿಣದ ಸಳಿ ಹಾಕುತ್ತಾರೆ, ಒಯ್ಯೋಣ ಎನ್ನುತ್ತಾನೆ. ಸೊಲ್ಲಾಪುರಕ್ಕಿಂತ ಎಷ್ಟೋ ಪಟ್ಟು ದೂರ.

"ಗೌಸ್ ಹೊಸಾ ಶಾಕ್‌ಅಪ್ ತರಿಸ್ತೀನಿ ಅಂದಾನ. ಟೈರ್ ಮತ್ತ ಬದಲಿ ಮಾಡಸ್ತೀನಿ. ನೀ ಹೇಳು ಆಯಿ, ಪಾಟಾ ಎಷ್ಟ್ ಇರಬೇಕು? ಬಿರುಸು ಮಾಡಲ್ಯೋ, ಮೆತ್ತಗ ಮಾಡಲ್ಯೋ? ನೀ ಹೇಳಿದಂಗ ಮಾಡತೀನಿ."

ಬೈಸಿಕೊಳ್ಳಲು ಬಂದವನಂತೆ ಎದುರಿಗೆ ನಿಂತೇ ಇದ್ದ. ಟೈರಿನ ಸಂಗತಿ ಎಲ್ಲ ನನಗೆ ಗೊತ್ತು, ಗಾಳಿ ಗೊತ್ತು, ಎಣ್ಣೆ ಗೊತ್ತು. ಹೇಳಲು ಏನೂ ಸಿಗಲಿಲ್ಲ. ತಲೆ ಸವರಿದೆ. ಅವನು ಅತ್ತುಬಿಟ್ಟ, ಇಷ್ಟು ದೊಡ್ಡ ಗಂಡಸು.

ಸುಭದ್ರಾ, ನಿನ್ನ ಸಂಗಡ ಮಾತಾಡುತ್ತೇನೆ. ಬಾಯಿಂದ ಆಗುವುದಿಲ್ಲ, ಸುರು ಮಾಡಿದರೆ ಮತ್ತೆ ಗಾಡಿಯ ಮಾತೇ ಬರುತ್ತದೆ. ನೀನು ನಾಲ್ಕನೆಯ ಇಯತ್ತೆ ಓದಿದವಳು, ನನಗಿಂತ ಎರಡು ಹೆಚ್ಚು. ಬೆಳಗ್ಗೆ ಕಿಟಕಿಯ ಬೆಳಕು ಬಂದ ಮೇಲೆ ಈ ಹಾಳೆಯನ್ನು ನಿನ್ನ ಮುಖದ ಮೇಲೆ ಹಿಡಿಯುತ್ತೇನೆ. ಸಾವಕಾಶ ಓದು.

ಆ ದಿನದಿಂದ ನೀನು ಜಂತಿ ನೋಡುತ್ತ ಮಲಗಿದ್ದೀಯಾ, ಯಾರ ಸಂಗಡವೂ ಮಾತಿಲ್ಲ. ನೀನು ಬಚ್ಚಲಲ್ಲಿ ಒಂದು ಮಾತು ಸುರು ಮಾಡಿದೆ. ಎಣ್ಣೆ ಹಚ್ಚುವಾಗ ಸುರು ಮಾಡಿದೆ. ಎರಡು ಸಲವೂ ನಾನು ನಡುವೆ ಬಾಯಿ ಹಾಕಿದೆ. ಅದು ಏನು? ಸೊಲ್ಲಾಪುರಕ್ಕೆ ಒಯ್ಯಬೇಡಿ ಎಂದೇ? ಇನ್ನಷ್ಟು ದಿನ ಬದುಕಬೇಕು, ಎಲ್ಲಿಗಾದರೂ ಒಯ್ಯಿರಿ ಎಂದೇ? ಅಥವಾ ನನ್ನನ್ನೇ ಒಂದು ಮಾತು ಅನ್ನಬೇಕೆಂದಿದ್ದೆಯೇನು? ಮೂವತ್ತು ವರ್ಷದ್ದು ಇದ್ದರೆ ಮೂವತ್ತು ವರ್ಷದ್ದೂ ಅನ್ನು. ನಾನು ಕೂತು ಕೇಳುತ್ತೇನೆ, ನಡುವೆ ಕೆಮ್ಮುವುದೂ ಇಲ್ಲ.

ಮಿರಜ್ ಬೇಕಿದ್ದರೆ ಬೇಕು ಅನ್ನು. ಬೇಡವಾದರೆ ಬೇಡ ಅನ್ನು, ನಿನ್ನ ಗಂಡನಿಗೂ ಮಗನಿಗೂ ನಾನು ಹೇಳುತ್ತೇನೆ, ಈ ಹಾಸಿಗೆಯನ್ನು ಯಾರೂ ಒಂದು ಗೇಣು ಸರಿಸದಂತೆ ಬಾಗಿಲಲ್ಲಿ ಮಲಗುತ್ತೇನೆ. ನಿನ್ನ ಪರವಾಗಿ ಯೋಚಿಸುವುದು ನನ್ನಿಂದ ಇನ್ನಾಗದು.

ದೀಪಾವಳಿಯ ಅಮಾವಾಸ್ಯೆ ಹತ್ತಿರ ಬಂತು. ಡಾಕ್ಟರು ಹೇಳಿದ ಗಡುವು ನನಗೂ ಗೊತ್ತು, ನಿನಗೂ ಗೊತ್ತಿರಬೇಕು. ಅದರ ನೆಪ ಹೇಳಿ ನೀನು ತಪ್ಪಿಸಿಕೊಳ್ಳುವಂತಿಲ್ಲ. ಕಾರ್ತಿಕ ಮಾಸ ಹುಟ್ಟುವುದರೊಳಗೆ ನನಗೆ ಜವಾಬು ಕೊಡು, ನನ್ನವ್ವಾ.